ಅಜ್ಜಿಯ ಗುಳಿಗೆಗೆ ವಾರಕ್ಕೆ ಎರಡು ದಿನ ರಜೆ ಯಾಕೆ? ತಾಳ ತಪ್ಪಿದ ಹೃದಯದ 250 ವರ್ಷದ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮಜ್ಜಿಯ ಗುಳಿಗೆ ಡಬ್ಬಿಯಿಂದ.

ಅಜ್ಜಿಗೆ ಈಗ ಎಪ್ಪತ್ತೆಂಟು. ಆರು ವರ್ಷದಿಂದ ಹಾರ್ಟ್ ಫೇಲ್ಯೂರ್ ಇದೆ. ಹೆಸರು ಕೇಳಿ ಗಾಬರಿ ಆಗ್ಬೇಡಿ, ಹೃದಯ ನಿಂತೇ ಹೋಯ್ತು ಅಂತ ಅರ್ಥ ಅಲ್ಲ. ಪಂಪ್ ದುರ್ಬಲ ಆಗಿದೆ ಅಂತ ಅರ್ಥ. ರಕ್ತವನ್ನು ಬೇಕಾದಷ್ಟು ಮುಂದಕ್ಕೆ ತಳ್ಳೋಕೆ ಆಗಲ್ಲ, ಹಾಗಾಗಿ ಹಿಂದೆ ನೀರು ನಿಲ್ಲುತ್ತೆ. ಕಾಲು ಬಾತುಕೊಳ್ಳುತ್ತೆ, ಮಲಗಿದರೆ ಉಸಿರು ಕಟ್ಟುತ್ತೆ. ಆಕೆಯ ಡಬ್ಬಿಯಲ್ಲಿ ಡೈಗಾಕ್ಸಿನ್ ಅಂತ ಒಂದು ಪುಟ್ಟ ಗುಳಿಗೆ ಇದೆ. ಚೀಟಿಯಲ್ಲಿ ಡಾಕ್ಟರು ಸ್ಪಷ್ಟವಾಗಿ ಬರೆದಿದ್ದಾರೆ: ವಾರಕ್ಕೆ ಐದೇ ದಿನ, ಶನಿವಾರ ಭಾನುವಾರ ಬೇಡ. ಅಜ್ಜಿ ಮಾತ್ರ ಬಂದೋರಿಗೆಲ್ಲ ಹೇಳ್ತಾಳೆ, "ಇದು ಬೆಂಗಳೂರಿನ ಸಾಫ್ಟ್‌ವೇರ್ ಗುಳಿಗೆ ಕಣೋ, ಶನಿವಾರ ಭಾನುವಾರ ರಜೆ."

ಈ ಗುಳಿಗೆ ಡಬ್ಬಿಗೆ ಸೇರೋಕೆ ಕಾರಣ ನಾನೇ. ಒಂದು ದೀಪಾವಳಿಗೆ ಊರಿಗೆ ಹೋದಾಗ ಡಿಜಿಟಲ್ ಬಿಪಿ ಮೆಷಿನ್ ತಗೊಂಡು ಹೋಗಿದ್ದೆ. ಅಜ್ಜಿಯ ತೋಳಿಗೆ ಕಟ್ಟಿ ಬಟನ್ ಒತ್ತಿದೆ. ಬಿಪಿ ಬಂತು, ಜೊತೆಗೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಹೃದಯದ ಚಿತ್ರ ಮಿನುಗೋಕೆ ಶುರು ಆಯ್ತು. ಅಂದ್ರೆ ಬಡಿತ ಕ್ರಮವಾಗಿಲ್ಲ. ಇನ್ನೊಂದು ಸಲ ನೋಡಿದೆ, ಮತ್ತೆ ಅದೇ. ಮರುದಿನ ಆಸ್ಪತ್ರೆ, ಇಸಿಜಿ. ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರೀ ಅದುರುತ್ತಾ ಇವೆ. ಅದಕ್ಕೆ ಕೆಳಗಿನ ಕೋಣೆಗಳ ಬಡಿತ ತಾಳ ತಪ್ಪಿದೆ, ವೇಗವೂ ಏರಿದೆ.

ಡಾಕ್ಟರು ಹೇಳಿದ್ದು ಇಷ್ಟು: "ವೇಗ ಇಳಿಸೋಣ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ ಕೊಡೋಣ. ತಾಳ ಸದ್ಯಕ್ಕೆ ಹಾಗೇ ಇರಲಿ."

ಹಾಗೇ ಇರಲಿ ಅಂದ್ರೆ? ನಾನು ಬಿ.ಕಾಂ. ಓದಿದವನು. ಲೆಕ್ಕ ಟ್ಯಾಲಿ ಆಗದೆ ಸೀಟು ಬಿಟ್ಟು ಏಳಬಾರದು ಅಂತ ಕಲಿತವನು. ಕಾರಿಡಾರಿನಲ್ಲೇ ದನಿ ಏರಿಸಿದೆ. "ವಯಸ್ಸಾಗಿದೆ ಅಂತ ಕೈ ಬಿಟ್ಟುಬಿಟ್ರಾ ಸಾರ್?" ಅಂತ ಕೇಳಿದೆ. ಅಮ್ಮ ತೋಳು ಹಿಡಿದು ಎಳೆದುಕೊಂಡು ಬಂದಳು. ಡಾಕ್ಟರು ಏನೂ ಅನ್ನಲಿಲ್ಲ. ಹೊರಗೆ ಇನ್ನೂ ಮೂವತ್ತು ಜನ ಕಾಯ್ತಾ ಇದ್ರು.

ಆ ಸಿಟ್ಟಿನಲ್ಲೇ ಓದೋಕೆ ಶುರು ಮಾಡಿದೆ. ಓದ್ತಾ ಹೋದ ಹಾಗೆ ಸಿಟ್ಟು ನಾಚಿಕೆ ಆಯ್ತು. ಆ ಓದೇ ಇವತ್ತಿನ ಎಪಿಸೋಡು.

ಮುದುಕಿಯ ಕಷಾಯ, ಡಾಕ್ಟರ ಲೆಡ್ಜರು

1775. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ವೈದ್ಯ ವಿಲಿಯಂ ವಿದರಿಂಗ್ ಹತ್ತಿರ ಒಬ್ಬರು ಒಂದು ಮನೆಮದ್ದಿನ ಬಗ್ಗೆ ಅಭಿಪ್ರಾಯ ಕೇಳಿದರು. ಶ್ರಾಪ್‌ಶೈರ್ ಸೀಮೆಯ ಒಬ್ಬ ಮುದುಕಿ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದು ಅದು. ಮೈಯೆಲ್ಲ ನೀರು ತುಂಬಿ ಊದಿಕೊಂಡವರು, ವೈದ್ಯರು ಕೈಚೆಲ್ಲಿದವರು ಕೂಡ ಕೆಲವೊಮ್ಮೆ ಅದರಿಂದ ಗುಣ ಆಗ್ತಿದ್ರಂತೆ. ಇಪ್ಪತ್ತು ಚಿಲ್ಲರೆ ಗಿಡಮೂಲಿಕೆಗಳ ಮಿಶ್ರಣ. ವಿದರಿಂಗ್ ಸಸ್ಯಶಾಸ್ತ್ರವನ್ನೂ ಚೆನ್ನಾಗಿ ಬಲ್ಲವನು. ಕೆಲಸ ಮಾಡ್ತಿರೋದು ಅದರಲ್ಲಿರೋ ಒಂದೇ ಗಿಡ, ಫಾಕ್ಸ್‌ಗ್ಲೋವ್, ಅಂತ ಗುರುತಿಸಿದ. ಗಂಟೆ ಆಕಾರದ ನೇರಳೆ ಹೂ ಬಿಡೋ ಈ ಗಿಡದ ಸಸ್ಯಶಾಸ್ತ್ರದ ಹೆಸರು ಡಿಜಿಟಾಲಿಸ್.

ಒಂದು ಸಣ್ಣ ಫ್ಯಾಕ್ಟ್ ಚೆಕ್. ಇಂಟರ್ನೆಟ್ಟಿನಲ್ಲಿ ಆ ಮುದುಕಿಗೆ "ಮದರ್ ಹಟ್ಟನ್" ಅಂತ ಹೆಸರು ಕೊಟ್ಟು ಎಷ್ಟೋ ಪೋಸ್ಟುಗಳಿವೆ. ವಿದರಿಂಗ್ ಆಕೆಯ ಹೆಸರನ್ನು ಎಲ್ಲೂ ಬರೆದಿಲ್ಲ. ಆ ಹೆಸರು ಹಬ್ಬಿದ್ದು 20ನೇ ಶತಮಾನದ ಒಂದು ಔಷಧ ಕಂಪನಿಯ ಜಾಹೀರಾತಿನಿಂದ.

ವಿದರಿಂಗ್ ಹತ್ತು ವರ್ಷ ಆ ಎಲೆಯನ್ನು ರೋಗಿಗಳಿಗೆ ಕೊಟ್ಟು ನೋಡಿ, 1785ರಲ್ಲಿ ಪುಸ್ತಕ ಬರೆದ. ನನಗೆ ಆತ ಇಷ್ಟ ಆಗಿದ್ದು ಗಿಡ ಕಂಡುಹಿಡಿದಿದ್ದಕ್ಕಲ್ಲ. ಆ ಪುಸ್ತಕದಲ್ಲಿ ಗುಣವಾದ ಕೇಸುಗಳನ್ನಷ್ಟೇ ಆರಿಸಿ ಹಾಕಿದ್ದರೆ ಹೆಸರು ಇನ್ನೂ ಜೋರಾಗಿ ಬರ್ತಿತ್ತು. ಆತ ಹಾಗೆ ಮಾಡಲಿಲ್ಲ. ಗುಣವಾದವರು, ಗುಣವಾಗದವರು, ತಾನೇ ತಪ್ಪು ಮಾಡಿದ ಕೇಸುಗಳು, ಎಲ್ಲವನ್ನೂ ಸಾಲಾಗಿ ಬರೆದ. ಜಮಾ ಖರ್ಚು ಎರಡೂ ಕಡೆ ತುಂಬಿದ ಲೆಡ್ಜರು ಅದು. ಡೋಸ್ ಸ್ವಲ್ಪ ಜಾಸ್ತಿ ಆದರೆ ವಾಂತಿ ಆಗುತ್ತೆ, ಕಣ್ಣಿಗೆ ಎಲ್ಲ ಹಸಿರು ಹಳದಿಯಾಗಿ ಕಾಣುತ್ತೆ, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯಬಹುದು, ಸಾವೂ ಬರಬಹುದು ಅಂತ ಎಚ್ಚರಿಸಿದ.

ಅಜ್ಜಿಯ ಗುಳಿಗೆಯ ರಜೆಯ ಗುಟ್ಟು ಇಲ್ಲಿದೆ. ಡೈಗಾಕ್ಸಿನ್ ಅನ್ನೋದು ಈ ಫಾಕ್ಸ್‌ಗ್ಲೋವ್ ಕುಟುಂಬದ್ದೇ ಔಷಧ. 1930ರಲ್ಲಿ ಸಿಡ್ನಿ ಸ್ಮಿತ್ ಅನ್ನೋ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಇದನ್ನು ಬೇರ್ಪಡಿಸಿದ. ಔಷಧ ಆಗೋ ಪ್ರಮಾಣಕ್ಕೂ ವಿಷ ಆಗೋ ಪ್ರಮಾಣಕ್ಕೂ ಅಂತರ ತುಂಬಾ ಕಮ್ಮಿ. ಮೈಯಿಂದ ಹೊರಗೆ ಹೋಗೋದೂ ನಿಧಾನ, ಕಿಡ್ನಿ ಸೋತವರಲ್ಲಂತೂ ಇನ್ನೂ ನಿಧಾನ. ದಿನಾ ನುಂಗಿದರೆ ಒಳಗೆ ಸೇರಿಕೊಂಡೇ ಹೋಗಬಹುದು. ಅದಕ್ಕೇ ನಮ್ಮ ಕಡೆ ಎಷ್ಟೋ ಡಾಕ್ಟರುಗಳು ವಾರಕ್ಕೆ ಎರಡು ದಿನ ಬಿಡಿಸ್ತಾರೆ. ಅಂದ್ರೆ ಅದು ರಜೆ ಅಲ್ಲ, ವಿದರಿಂಗ್ 1785ರಲ್ಲಿ ಕೊಟ್ಟ ಎಚ್ಚರಿಕೆ.

ನಾಡಿ ಬರೆಯೋ ಮಷಿನ್‌ಗಳು

ಆದರೆ ಆ ಎಲೆ ಯಾಕೆ ಕೆಲಸ ಮಾಡುತ್ತೆ ಅನ್ನೋದು ವಿದರಿಂಗ್‌ಗೆ ಪೂರ್ತಿ ಗೊತ್ತಿರಲಿಲ್ಲ. ಹೃದಯದ ಮೇಲೆ ಅದರ ಹಿಡಿತ ಇದೆ ಅಂತ ಗಮನಿಸಿದ್ದ. ಆದರೂ ಮುಖ್ಯವಾಗಿ ಅದು ಮೂತ್ರ ಹೆಚ್ಚಿಸೋ ಮದ್ದು ಅಂತಲೇ ನೋಡಿದ. ಬಾತುಕೊಂಡ ಕಾಲಿಗೂ ತಾಳ ತಪ್ಪಿದ ನಾಡಿಗೂ ಇರೋ ನಂಟು ಬಿಡಿಸೋಕೆ ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯ್ತು.

ಆ ಕೆಲಸ ಶುರುವಾಗಿದ್ದು ಬರ್ನ್‌ಲೀ ಅನ್ನೋ ಹತ್ತಿ ಗಿರಣಿಗಳ ಊರಲ್ಲಿ. ಅಲ್ಲಿ ಜೇಮ್ಸ್ ಮೆಕೆಂಝಿ ಅಂತ ಒಬ್ಬ ಸಾಮಾನ್ಯ ಪ್ರಾಕ್ಟೀಸ್ ಡಾಕ್ಟರ್. ದೊಡ್ಡ ಕಾಲೇಜು, ಲ್ಯಾಬು ಏನೂ ಇಲ್ಲ. ಕೈಯಲ್ಲಿನ ನಾಡಿಯನ್ನೂ ಕುತ್ತಿಗೆಯ ಅಭಿಧಮನಿಯ ಮಿಡಿತವನ್ನೂ ಒಟ್ಟಿಗೇ ಕಾಗದದ ಮೇಲೆ ಗೀಚೋ ಪಾಲಿಗ್ರಾಫ್ ಅನ್ನೋ ಸಾಧನವನ್ನು ಆತ ರೂಪಿಸಿದ. ಅದನ್ನು ಸುಧಾರಿಸಿ ಕೊಟ್ಟವನು ಆ ಕಡೆಯ ಒಬ್ಬ ವಾಚ್ ರಿಪೇರಿಯವನು. ಹಲವು ವರ್ಷ ತಾನೇ ನೋಡಿಕೊಂಡು ಬಂದಿದ್ದ ಒಬ್ಬ ಹೃದ್ರೋಗಿ ಹೆಂಗಸಿನ ನಾಡಿ ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ಅಸ್ತವ್ಯಸ್ತ ಆಯ್ತು. ಕುತ್ತಿಗೆಯ ಗೆರೆಯಲ್ಲಿ ಹೃದಯದ ಮೇಲಿನ ಕೋಣೆ ಬರೀತಿದ್ದ ಅಲೆ ಮಾಯ ಆಗಿತ್ತು. ಮೇಲಿನ ಕೋಣೆಗೆ ಪಾರ್ಶ್ವವಾಯು ಹೊಡೆದಿರಬೇಕು ಅಂತ ಮೆಕೆಂಝಿ ಮೊದಲು ಅಂದುಕೊಂಡ. ಅದು ತಪ್ಪು. ಆದರೆ ಇಂಥ ರೋಗಿಗಳಿಗೇ ಡಿಜಿಟಾಲಿಸ್ ಚೆನ್ನಾಗಿ ಹಿಡಿಯುತ್ತೆ ಅಂತ ಗಮನಿಸಿದ್ದು ಸರಿಯಾಗಿತ್ತು.

ಹಾಲೆಂಡಿನ ಲೈಡನ್‌ನಲ್ಲಿ ವಿಲ್ಲೆಮ್ ಐಂಟ್‌ಹೋವನ್ ಇಸಿಜಿ ಮಷಿನ್ ಕಟ್ಟುತ್ತಿದ್ದ. ತೂಕ ಸುಮಾರು 270 ಕಿಲೋ. ರೋಗಿ ಉಪ್ಪುನೀರಿನ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕು. ಆ ಭಾರವನ್ನು ಆಸ್ಪತ್ರೆಗೆ ಸಾಗಿಸೋದು ಆಗದ ಮಾತು. ಹಾಗಾಗಿ ಆಸ್ಪತ್ರೆಯಿಂದ ಲ್ಯಾಬಿಗೆ ಸುಮಾರು ಒಂದೂವರೆ ಕಿಲೋಮೀಟರ್ ದೂರ ತಂತಿ ಎಳೆದರು. 1906ರಲ್ಲಿ ಐಂಟ್‌ಹೋವನ್ ಪ್ರಕಟಿಸಿದ ಗ್ರಾಫುಗಳಲ್ಲಿ ನಮ್ಮಜ್ಜಿಗೆ ಇರೋ ಇದೇ ಅಸ್ತವ್ಯಸ್ತ ಬಡಿತದ ಗೆರೆಯೂ ಇತ್ತು. ಇವತ್ತು ನಮ್ಮ ಕೈಯಲ್ಲಿರೋ ಸ್ಮಾರ್ಟ್‌ವಾಚ್‌ನ ಮುತ್ತಜ್ಜ ಈ 270 ಕಿಲೋ ಮಷಿನ್.

1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಗಂಟು ಬಿಡಿಸಿದ. ಆಗ ಆತನಿಗೆ 27 ವರ್ಷ, ಹೆಚ್ಚುಕಮ್ಮಿ ನನ್ನ ವಯಸ್ಸು. ಮೇಲಿನ ಕೋಣೆ ನಿಂತಿಲ್ಲ, ಅದು ಅತಿವೇಗವಾಗಿ ಅದುರುತ್ತಾ ಇದೆ ಅಂತ ತೋರಿಸಿದ. ವಿಯೆನ್ನಾದ ಇಬ್ಬರು ವಿಜ್ಞಾನಿಗಳು, ರೋತ್‌ಬರ್ಗರ್ ಮತ್ತು ವಿಂಟರ್‌ಬರ್ಗ್, ಅದೇ ವರ್ಷ ಬೇರೆಯಾಗಿ ಅದೇ ಮಾತು ಹೇಳಿದರು. ಡಿಜಿಟಾಲಿಸ್ ಮಾಡೋದು ಏನು ಅಂತಾನೂ ಆಮೇಲೆ ಸ್ಪಷ್ಟ ಆಯ್ತು. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ವಿದ್ಯುತ್ ಹಾಯೋ ಒಂದು ಗೇಟು ಇದೆ. ಮೇಲಿಂದ ಮುನ್ನೂರು ನಾನೂರು ಅದುರು ನುಗ್ಗಿ ಬರ್ತಾ ಇದ್ರೂ ಆ ಗೇಟಲ್ಲಿ ನಿಂತ ವಾಚ್‌ಮನ್ ಥರ ಕೆಲವನ್ನೇ ಒಳಗೆ ಬಿಡುತ್ತೆ. ಅಂದ್ರೆ ಅದು ತಾಳವನ್ನು ಸರಿ ಮಾಡಲ್ಲ. ವೇಗ ಇಳಿಸುತ್ತೆ, ಅಷ್ಟೆ. ಸುಸ್ತಾದ ಪಂಪಿಗೆ ತುಂಬಿಕೊಳ್ಳೋಕೆ ಸಮಯ ಕೊಡುತ್ತೆ.

ಇಲ್ಲಿ ಒಂದು ಕೋಳಿ ಮೊದಲಾ ಮೊಟ್ಟೆ ಮೊದಲಾ ಕಥೆ ಇದೆ. ಪಂಪ್ ಸೋತಾಗ ಒಳಗಿನ ಒತ್ತಡ ಏರಿ ಮೇಲಿನ ಕೋಣೆಗಳು ಹಿಗ್ಗುತ್ತವೆ, ಗೋಡೆಯಲ್ಲಿ ನಾರು ಬೆಳೆಯುತ್ತೆ, ವಿದ್ಯುತ್ ದಾರಿ ತಪ್ಪುತ್ತೆ. ತಾಳ ತಪ್ಪಿ ಬಡಿತ ಏರಿದರೆ ಪಂಪ್ ಇನ್ನಷ್ಟು ಸೋಲುತ್ತೆ. ಒಂದು ಇನ್ನೊಂದನ್ನು ಎಳೆಯುತ್ತೆ.

ಒಬ್ಬ ವ್ಯಾಪಾರಿಯ ಚಾಲೆಂಜ್

ಹಾಗಾದ್ರೆ ತಾಳವನ್ನೇ ಸರಿ ಮಾಡಿಬಿಟ್ಟರೆ? ಈ ಆಸೆ ಹುಟ್ಟಿಸಿದವನು ನಮ್ಮ ಕಾಮರ್ಸ್ ಜಾತಿಯವನೇ, ಒಬ್ಬ ಡಚ್ ವ್ಯಾಪಾರಿ. 1912ರಲ್ಲಿ ಆತ ಹೃದ್ರೋಗ ತಜ್ಞ ಕಾರೆಲ್ ವೆಂಕೆಬಾಖ್ ಹತ್ತಿರ ಬಂದ. ಈ ಅಸ್ತವ್ಯಸ್ತ ಬಡಿತ ನಿಲ್ಲಿಸೋಕೆ ಆಗಲ್ಲ ಅಂತ ವೆಂಕೆಬಾಖ್ ಅಂದಾಗ, ನನಗೆ ಆಗುತ್ತೆ, ನಾಳೆ ಬಂದು ತೋರಿಸ್ತೀನಿ ಅಂದ. ಮರುದಿನ ಬಂದಾಗ ನಾಡಿ ಗಡಿಯಾರದ ಥರ ಇತ್ತು. ಆತ ನುಂಗಿದ್ದು ಒಂದು ಗ್ರಾಂ ಕ್ವಿನೈನ್. ಹೌದು, ಅದೇ ಮಲೇರಿಯಾ ಔಷಧ. ಮಲೆನಾಡಿನ ಹಳಬರನ್ನು ಕೇಳಿ, ಅದರ ಕಹಿ ಈಗಲೂ ನಾಲಿಗೆ ಮೇಲಿದೆ ಅಂತಾರೆ. 1914ರಲ್ಲಿ ವೆಂಕೆಬಾಖ್ ಈ ಕಥೆ ಬರೆದರು. 1918ರಲ್ಲಿ ಜರ್ಮನಿಯ ವಾಲ್ಟರ್ ಫ್ರೈ, ಕ್ವಿನೈನ್‌ನ ದಾಯಾದಿ ಕ್ವಿನಿಡೀನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ತೋರಿಸಿದ.

ಆಮೇಲೆ ಹಲವು ದಶಕ ಕ್ವಿನಿಡೀನ್ ರಾಜ್ಯಭಾರ. 1990ರಲ್ಲಿ ಆರು ಪ್ರಯೋಗಗಳ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದರು. ಒಂದು ವರ್ಷದ ನಂತರ ತಾಳ ಸರಿಯಾಗಿ ಉಳಿದವರು ಕ್ವಿನಿಡೀನ್ ತಗೊಂಡವರಲ್ಲಿ 50 ಪರ್ಸೆಂಟ್, ತಗೊಳ್ಳದವರಲ್ಲಿ 25 ಪರ್ಸೆಂಟ್. ಡಬಲ್! ಆದರೆ ಸತ್ತವರು? ತಗೊಂಡವರಲ್ಲಿ 2.9 ಪರ್ಸೆಂಟ್, ತಗೊಳ್ಳದವರಲ್ಲಿ 0.8 ಪರ್ಸೆಂಟ್.

ಇದನ್ನು ಓದಿದಾಗ ಕಾಲೇಜಿನ ಅಕೌಂಟೆನ್ಸಿ ಕ್ಲಾಸು ನೆನಪಾಯ್ತು. ವಿಂಡೋ ಡ್ರೆಸಿಂಗ್ ಅಂತ ಒಂದು ಪಾಠ ಇತ್ತು. ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕಾಣ್ತಿರುತ್ತೆ, ಅಂಗಡಿ ಮುಳುಗ್ತಿರುತ್ತೆ.

1989, ಏಪ್ರಿಲ್

ಇದಕ್ಕಿಂತ ದೊಡ್ಡ ಪಾಠ ಅಷ್ಟರಲ್ಲೇ ಅಮೆರಿಕದಲ್ಲಿ ಆಗಿಹೋಗಿತ್ತು. ಇಷ್ಟೊತ್ತು ಹೇಳಿದ್ದು ಮೇಲಿನ ಕೋಣೆಯ ಕಥೆ. ಈಗ ಕೆಳಗಿನ ಕೋಣೆಗೆ ಬರೋಣ. ಅಲ್ಲಿ ತಾಳ ಪೂರ್ತಿ ತಪ್ಪಿದರೆ ರಕ್ತ ಮುಂದೆ ಹೋಗೋದೇ ನಿಲ್ಲುತ್ತೆ, ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತೆ. ಹಾರ್ಟ್ ಫೇಲ್ಯೂರ್ ಇರೋರಲ್ಲಿ "ರಾತ್ರಿ ಊಟ ಮಾಡಿ ಚೆನ್ನಾಗೇ ಮಲಗಿದ್ರು, ಬೆಳಗ್ಗೆ ಏಳಲೇ ಇಲ್ಲ" ಅಂತ ಕೇಳ್ತೀವಲ್ಲ, ಅಂಥ ಎಷ್ಟೋ ಸಾವುಗಳ ಹಿಂದೆ ಇರೋದು ಇದು.

ಹಾರ್ಟ್ ಅಟ್ಯಾಕ್ ಆಗಿ ಪಂಪ್ ದುರ್ಬಲ ಆದವರ ಇಸಿಜಿಯಲ್ಲಿ ಆಗಾಗ ಒಂದೊಂದು ಅಡ್ಡ ಬಡಿತ ಕಾಣುತ್ತೆ. ಅವು ಜಾಸ್ತಿ ಇದ್ದವರು ಜಾಸ್ತಿ ಸಾಯ್ತಾರೆ ಅಂತಲೂ ಗೊತ್ತಿತ್ತು. ಹಾಗಾದ್ರೆ ಆ ಅಡ್ಡ ಬಡಿತಗಳನ್ನು ಅಳಿಸಿಬಿಟ್ಟರೆ ಸಾವು ಕಮ್ಮಿ ಆಗಬೇಕು ತಾನೇ? ಎಲ್ಲರಿಗೂ ಇದು ಎಷ್ಟು ಸಹಜ ಅನ್ನಿಸಿತ್ತು ಅಂದ್ರೆ, ಡಾಕ್ಟರುಗಳು ಆಗಲೇ ಮಾತ್ರೆ ಬರೆದುಕೊಡ್ತಾ ಇದ್ರು. ಸಪ್ಪೆ ಮಾತ್ರೆ, ಅಂದ್ರೆ ಪ್ಲಸಿಬೋ, ಕೊಟ್ಟು ಹೋಲಿಸಿ ನೋಡೋದೇ ಅನ್ಯಾಯ ಅಂದವರೂ ಇದ್ರು.

ಆದರೂ ಅಲ್ಲಿನ ಸರ್ಕಾರಿ ಹೃದಯ ಸಂಶೋಧನಾ ಸಂಸ್ಥೆ 1987ರಲ್ಲಿ ಕಾಸ್ಟ್ ಅನ್ನೋ ಪ್ರಯೋಗ ಶುರು ಮಾಡಿತು. ಗಮನಿಸಿ, ಮಾತ್ರೆ ಯಾರಲ್ಲಿ ಅಡ್ಡ ಬಡಿತವನ್ನು ನಿಜವಾಗಿ ಅಡಗಿಸುತ್ತೆ ಅಂತ ಮೊದಲೇ ಪರೀಕ್ಷಿಸಿ, ಅಂಥವರನ್ನಷ್ಟೇ ಎರಡು ಗುಂಪು ಮಾಡಿದರು. ಅಂದ್ರೆ ಇಸಿಜಿ ಪ್ರಕಾರ ಔಷಧ ಪಾಸ್. 1989ರ ಏಪ್ರಿಲ್‌ನಲ್ಲಿ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಅನ್ನೋ ಎರಡು ಔಷಧಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಆಮೇಲೆ ಪ್ರಕಟವಾದ ಲೆಕ್ಕ ಇದು: ಔಷಧ ತಗೊಂಡ 755 ಜನರಲ್ಲಿ ಸತ್ತವರು 63. ಸಪ್ಪೆ ಮಾತ್ರೆ ತಗೊಂಡ 743 ಜನರಲ್ಲಿ ಸತ್ತವರು 26.

ಗಾಯದ ಕಲೆ ಇರೋ ಹೃದಯದಲ್ಲಿ ಈ ಔಷಧ ವಿದ್ಯುತ್ ಹರಿವನ್ನು ನಿಧಾನ ಮಾಡಿ, ಚಿಕ್ಕ ಅಡ್ಡ ಬಡಿತಗಳನ್ನು ಅಳಿಸುವಾಗಲೇ, ವಿದ್ಯುತ್ ಅದೇ ದಾರಿಯಲ್ಲಿ ಸುತ್ತಿ ಸುತ್ತಿ ಬರೋ ಮಾರಕ ಸುಳಿಗೆ ಅವಕಾಶ ಮಾಡಿಕೊಡ್ತಿತ್ತು. ಇವತ್ತಿಗೂ ಹಾರ್ಟ್ ಫೇಲ್ಯೂರ್ ಇರೋರಿಗೆ ಫ್ಲೆಕೈನೈಡ್ ಕೊಡಲ್ಲ. ಅದಕ್ಕೆ ಕಾರಣ ಆ 63 ಮನೆಗಳು.

ಸುಮ್ಮನೆ ಕಾಯೋ ಕಾವಲುಗಾರ

ಇದೇ ಹೊತ್ತಿಗೆ ಇನ್ನೊಂದು ದಾರಿಯಲ್ಲಿ ಹೋಗ್ತಿದ್ದವನು ಮಿಶೆಲ್ ಮಿರೋವ್ಸ್ಕಿ. ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಕುಟುಂಬದವರನ್ನೆಲ್ಲ ಕಳೆದುಕೊಂಡವನು. ಮುಂದೆ ಇಸ್ರೇಲಿನಲ್ಲಿ ಹೃದ್ರೋಗ ತಜ್ಞ ಆದ. ಅಲ್ಲಿ ಆತನ ಗುರು ಹ್ಯಾರಿ ಹೆಲ್ಲರ್‌ಗೆ ಕೆಳಗಿನ ಕೋಣೆಯ ಬಡಿತ ಆಗಾಗ ತಾಳ ತಪ್ಪಿ ಓಡ್ತಿತ್ತು. ಒಂದು ದಿನ ಮನೆಯವರ ಜೊತೆ ಊಟಕ್ಕೆ ಕೂತಿದ್ದಾಗಲೇ ಆತ ಕುಸಿದು ತೀರಿಕೊಂಡ. ಶಾಕ್ ಕೊಟ್ಟು ಬಡಿತ ಸರಿಮಾಡೋ ಮಷಿನ್ ಆಸ್ಪತ್ರೆಗಳಲ್ಲಿ ಆಗಲೇ ಇತ್ತು. ಆದರೆ ಮನುಷ್ಯ ಬದುಕೆಲ್ಲ ಆಸ್ಪತ್ರೆಯಲ್ಲಿ ಕೂರೋಕೆ ಆಗುತ್ತಾ? ಆ ಮಷಿನ್ನನ್ನೇ ಮೈಯೊಳಗೆ ಇಟ್ಟರೆ ಹೇಗೆ ಅಂತ ಮಿರೋವ್ಸ್ಕಿ ಯೋಚಿಸಿದ.

ಅಮೆರಿಕದ ಬಾಲ್ಟಿಮೋರ್‌ಗೆ ಹೋಗಿ ಮಾರ್ಟನ್ ಮೋವರ್ ಜೊತೆ ಸೇರಿ ಕೆಲಸ ಶುರು ಮಾಡಿದ. ದೊಡ್ಡ ದೊಡ್ಡ ತಜ್ಞರು ಇದು ಬೇಡದ ಕೆಲಸ ಅಂತ ಬಹಿರಂಗವಾಗಿ ಬರೆದರು. ಆತ ಬಿಡಲಿಲ್ಲ. 1980ರ ಫೆಬ್ರವರಿ 4ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಸಾಧನವನ್ನು ಒಬ್ಬ ಮಹಿಳೆಯ ಮೈಯೊಳಗೆ ಇಟ್ಟರು. ತೂಕ ಸುಮಾರು ಕಾಲು ಕಿಲೋ, ಜಾಗ ಹೊಟ್ಟೆಯ ಚರ್ಮದ ಕೆಳಗೆ. ಈಗಿನ ಐಸಿಡಿಗಳನ್ನು ಸಾಮಾನ್ಯವಾಗಿ ಭುಜದ ಕೆಳಗೆ ಎದೆಯ ಚರ್ಮದೊಳಗೆ ಇಡ್ತಾರೆ.

2005ರಲ್ಲಿ ಹಾರ್ಟ್ ಫೇಲ್ಯೂರ್ ಇದ್ದ 2,521 ಜನರನ್ನು ಮೂರು ಗುಂಪು ಮಾಡಿ ನೋಡಿದ ಪ್ರಯೋಗದ ಲೆಕ್ಕ ಬಂತು. ಸಪ್ಪೆ ಮಾತ್ರೆಯ ಗುಂಪಲ್ಲಿ ಸತ್ತವರು 29 ಪರ್ಸೆಂಟ್. ಬಡಿತ ಸರಿಮಾಡೋ ಅಮಿಯೋಡರೋನ್ ಔಷಧದ ಗುಂಪಲ್ಲಿ 28. ಐಸಿಡಿ ಗುಂಪಲ್ಲಿ 22. ಈ ಸಾಧನ ದಿನನಿತ್ಯದ ಸಣ್ಣಪುಟ್ಟ ತಾಳ ತಪ್ಪೋದನ್ನು ತಿದ್ದೋಕೆ ಹೋಗಲ್ಲ. ಸುಮ್ಮನೆ ಕಾಯುತ್ತೆ. ಪ್ರಾಣಕ್ಕೆ ಬಂದಾಗ ಮಾತ್ರ ಹೊಡೆಯುತ್ತೆ.

ಪಂಪನ್ನೇ ಆರೈಕೆ ಮಾಡಿದರೂ ತಾಳದ ಅಪಾಯ ಇಳಿಯುತ್ತೆ. ಬೀಟಾ ಬ್ಲಾಕರ್ ಮಾತ್ರೆಯನ್ನು ಒಂದು ಕಾಲದಲ್ಲಿ ಹಾರ್ಟ್ ಫೇಲ್ಯೂರ್ ಇರೋರಿಗೆ ಕೊಡಲೇಬಾರದು ಅಂತಿದ್ರು. 1975ರಲ್ಲಿ ಸ್ವೀಡನ್ನಿನ ವೈದ್ಯರು ಏಳೇ ಜನ ರೋಗಿಗಳ ಅನುಭವ ಬರೆದು, ಕೊಟ್ಟು ನೋಡಿ ಅಂದರು. 1999ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಅದೇ ಮಾತ್ರೆ ಸಾವನ್ನು ಸುಮಾರು ಮೂರನೇ ಒಂದು ಭಾಗ ಇಳಿಸಿತು, ಹಠಾತ್ ಸಾವನ್ನೂ ಇಳಿಸಿತು.

ಅಜ್ಜಿಯ ಪ್ರಶ್ನೆಗೆ ಉತ್ತರ

ಈಗ ನಾನು ಕಾರಿಡಾರಿನಲ್ಲಿ ಕೂಗಾಡಿದ ವಿಷಯಕ್ಕೆ ಬರ್ತೀನಿ. ನನ್ನ ಪ್ರಶ್ನೆಯನ್ನೇ 2008ರಲ್ಲಿ 1,376 ಜನರ ಮೇಲೆ ಪರೀಕ್ಷಿಸಿ ಮುಗಿಸಿದ್ರು. ಎಲ್ಲರಿಗೂ ಹಾರ್ಟ್ ಫೇಲ್ಯೂರ್ ಇತ್ತು, ಏಟ್ರಿಯಲ್ ಫಿಬ್ರಿಲೇಶನ್ನೂ ಇತ್ತು. ಅರ್ಧ ಜನಕ್ಕೆ ಶಾಕ್, ಔಷಧ ಕೊಟ್ಟು ತಾಳ ಸರಿ ಮಾಡೋ ಪ್ರಯತ್ನ. ಇನ್ನರ್ಧ ಜನಕ್ಕೆ ವೇಗ ಮಾತ್ರ ಹಿಡಿತದಲ್ಲಿಡೋ ಚಿಕಿತ್ಸೆ. ಮೂರು ವರ್ಷದ ಮೇಲೆ ನೋಡಿದರೆ, ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸತ್ತವರು ಮೊದಲ ಗುಂಪಲ್ಲಿ 27 ಪರ್ಸೆಂಟ್, ಎರಡನೇ ಗುಂಪಲ್ಲಿ 25 ಪರ್ಸೆಂಟ್. ಲಾಭ ಇಲ್ಲ. ಡಾಕ್ಟರು "ಹಾಗೇ ಇರಲಿ" ಅಂದಿದ್ದು ಕೈ ಬಿಟ್ಟಿದ್ದಲ್ಲ. ಆ ಮಾತಿನ ಹಿಂದೆ 1,376 ಜನರ ಲೆಕ್ಕ ಇತ್ತು.

ಕಥೆ ಅಲ್ಲಿಗೇ ಮುಗಿದಿಲ್ಲ. ತಾಳ ಸರಿ ಮಾಡೋದೇ ವ್ಯರ್ಥ ಅಂತಲೂ ಅಲ್ಲ. 2018ರಲ್ಲಿ 363 ರೋಗಿಗಳ ಒಂದು ಪ್ರಯೋಗ ಬಂತು. ಮಾತ್ರೆಯ ಬದಲು, ತೊಡೆಯ ರಕ್ತನಾಳದ ಮೂಲಕ ಸಣ್ಣ ನಳಿಕೆ ತೂರಿಸಿ, ಅದುರು ಹುಟ್ಟಿಸೋ ಜಾಗಗಳನ್ನು ಸುಟ್ಟು ಬೇರ್ಪಡಿಸೋ ಅಬ್ಲೇಶನ್ ಮಾಡಿದರು. ಸತ್ತವರು ಅಥವಾ ಹಾರ್ಟ್ ಫೇಲ್ಯೂರ್ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಅಬ್ಲೇಶನ್ ಗುಂಪಲ್ಲಿ 28.5 ಪರ್ಸೆಂಟ್, ಬರೀ ಔಷಧದ ಗುಂಪಲ್ಲಿ 44.6. ಆಯ್ದ ರೋಗಿಗಳಿಗೆ ಇದು ದೊಡ್ಡ ವ್ಯತ್ಯಾಸ.

ಇದನ್ನು ಓದಿಕೊಂಡು ಮುಂದಿನ ಚೆಕಪ್‌ಗೆ ನಾನೂ ಹೋದೆ. ಈ ಸಲ ಮೆತ್ತಗೆ ಕೇಳಿದೆ. ಡಾಕ್ಟರು ಎಕೋ ರಿಪೋರ್ಟ್ ತೆಗೆದು, ಅಜ್ಜಿಯ ಮೇಲಿನ ಕೋಣೆ ಎಷ್ಟು ಹಿಗ್ಗಿದೆ, ಈ ಹಂತದಲ್ಲಿ ತಾಳ ಉಳಿಯೋ ಸಾಧ್ಯತೆ ಯಾಕೆ ಕಮ್ಮಿ, ಅಪಾಯ ಏನು ಅಂತ ಹತ್ತು ನಿಮಿಷ ವಿವರಿಸಿದರು. ಆಮೇಲೆ ನನ್ನ ಕಡೆ ಅಲ್ಲ, ಅಜ್ಜಿಯ ಕಡೆ ತಿರುಗಿ ಕೇಳಿದರು, "ನಿಮಗೆ ಏನನ್ನಿಸುತ್ತೆ ಅಮ್ಮಾ?" ಅಜ್ಜಿ ಅಂದಳು, "ಬೇಡಪ್ಪಾ. ಉಸಿರು ಆಡುತ್ತೆ, ಹಿತ್ತಲ ತನಕ ಹೋಗಿ ಬರ್ತೀನಿ. ಸಾಕು."

ಅಷ್ಟು ದಿನ ಈ ಪ್ರಶ್ನೆಯನ್ನು ನಾನು ಆಕೆಗೆ ಕೇಳಿಯೇ ಇರಲಿಲ್ಲ. ಮಷಿನ್ನಿಗೆ ಕೇಳ್ತಿದ್ದೆ.

ಈಗಲೂ ಭಾನುವಾರ ಫೋನ್ ಮಾಡ್ತೀನಿ. ಮೊದಲೆಲ್ಲ "ಅಜ್ಜಿ, ಆ ಹೃದಯದ ಚಿತ್ರ ಬಂತಾ?" ಅಂತಿದ್ದೆ. ಅದು ಬಂದೇ ಬರುತ್ತೆ, ಬಿಡಿ. ಈಗ ಕೇಳೋದು ಬೇರೆ. ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗಿದೆ? ತೂಕ ಎಷ್ಟು? ಕಾಲು ಒತ್ತಿದರೆ ಗುಳಿ ಬೀಳುತ್ತಾ? ಊಟದ ರುಚಿ ಹೇಗಿದೆ, ಕಣ್ಣಿಗೆ ಹಳದಿ ಕಾಣ್ತಾ ಇಲ್ವಲ್ಲ? ಕೊನೇ ಪ್ರಶ್ನೆ ವಿದರಿಂಗ್‌ದು. ಅಜ್ಜಿಗೆ ಆತ ಯಾರು ಅಂತ ಗೊತ್ತಿಲ್ಲ, "ಹಳದಿ ಯಾಕೋ ಕಾಣುತ್ತೆ, ನಿನ್ನ ತಲೆ" ಅಂತ ಬೈತಾಳೆ.

ಕೊನೆಗೆ ಒಂದು ಮಾತು. ನಿಮ್ಮ ಮನೆಯಲ್ಲೂ ಇಂಥ ಗುಳಿಗೆ ಡಬ್ಬಿ ಇದ್ದರೆ, ಈ ಎಪಿಸೋಡ್ ಕೇಳಿ ಯಾವ ಮಾತ್ರೆಯನ್ನೂ ನೀವಾಗೇ ಬಿಡಿಸಬೇಡಿ, ಸೇರಿಸಬೇಡಿ. ನಾನು ಡಾಕ್ಟರ್ ಅಲ್ಲ. ವಾಚು ಅಥವಾ ಬಿಪಿ ಮಷಿನ್ ತಾಳ ತಪ್ಪಿದೆ ಅಂತ ತೋರಿಸಿದರೆ ಇಸಿಜಿ ಮಾಡಿಸಿ. ಯಾರಾದರೂ ಎಚ್ಚರ ತಪ್ಪಿ ಬಿದ್ದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮತ್ತೆ, ಡಾಕ್ಟರ ಹತ್ತಿರ ಪ್ರಶ್ನೆ ಕೇಳಿ, ಖಂಡಿತ ಕೇಳಿ. ದನಿ ಏರಿಸದೆ ಕೇಳಿದರೆ ಉತ್ತರ ಉದ್ದ ಸಿಗುತ್ತೆ ಅಂತ ನಾನು ಕಲಿತಿದ್ದೀನಿ.